ಅಕ್ಕೋರು ನೋಡಿರದ ತವಾ

ಮೊನ್ನೆ ಎದುರು ಮನೆಯಿಂದ ಆ ವಾಸನೆ ಬಂತು. ಸುಟ್ಟ ಪ್ಲಾಸ್ಟಿಕ್ಕಿನದಲ್ಲ, ಕಾದ ಕಬ್ಬಿಣದ್ದೂ ಅಲ್ಲ. ಎರಡರ ನಡುವೆ ಎಲ್ಲೋ ಇರುವಂಥದ್ದು. ಮೂಗಿಗಿಂತ ಮೊದಲು ಗಂಟಲಿಗೆ ಗೊತ್ತಾಗುತ್ತದೆ. ನಾನು ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದೆ. ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿ, ಕೇಳದೆಯೇ ಅವರ ಅಡಿಗೆಮನೆಗೆ ನುಗ್ಗಿ, ಗ್ಯಾಸ್ ಆರಿಸಿ ಕಿಟಕಿ ತೆರೆದೆ. ಒಲೆಯ ಮೇಲೆ ಖಾಲಿ ನಾನ್‌ಸ್ಟಿಕ್ ತವಾ. ಹಿತ್ತಲಲ್ಲಿ ಫೋನಿನಲ್ಲಿ ಮಾತಾಡುತ್ತ ನಿಂತಿದ್ದ ಹೊಸ ಸೊಸೆ ಗಾಬರಿಯಿಂದ ಓಡಿ ಬಂದಳು.

"ಏನಾತ್ರಿ ಕಾಕೂ?"

"ಏನೂ ಆಗಿಲ್ಲವ್ವಾ. ಈ ತವಾ ಖಾಲಿ ಕಾಸಬಾರದು. ಹೊರಗ ಬಾ, ಸ್ವಲ್ಪ ಗಾಳಿ ಆಡ್ಲಿ."

"ಅಲ್ಲಿಂದನ ನಿಮಗ ಹೆಂಗ ಗೊತ್ತಾತ್ರಿ?" ಎಂದು ಆಕೆ ನಕ್ಕಳು. ನಾನೂ ನಕ್ಕು ಬಂದೆ. ಆದರೆ ಆ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹೇಗೆ ಗೊತ್ತಾಯಿತು ಎಂದು ಹೇಳಲು ಹೋದರೆ ಅಕ್ಕೋರ ಮಾತು ಹೇಳಬೇಕಾಗುತ್ತದೆ…

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಅವರು ಬೈಲಹೊಂಗಲದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರೂ ನಮ್ಮ ಓಣಿಗೆ ಅಕ್ಕೋರೇ. ನಾನು ಸುರೇಬಾನದಿಂದ ಈ ಮನೆಗೆ ಸೊಸೆಯಾಗಿ ಬರುವ ಮೊದಲೇ, ಕಟ್ಟೆಗೆ ಬಾಗಿಲಿದ್ದ ಮುಂದಿನ ಕೋಣೆಯನ್ನು ಅವರು ಬಾಡಿಗೆಗೆ ಹಿಡಿದಿದ್ದರು. ಊರು ಹೂಲಿ. ಎತ್ತರದ ಒಣಕಲು ಮೈ, ತೆಳು ಬಣ್ಣದ ಕಾಟನ್ ಸೀರೆ, ಬಲಗೈಯ ಬೆರಳುಗಳ ಮೇಲೆ ಯಾವುದೋ ಆ್ಯಸಿಡ್ ಬಿದ್ದು ಉಳಿದ ಕಲೆ. ಮದುವೆಯಾಗಿರಲಿಲ್ಲ. ಯಾಕೆ ಎಂಬುದಕ್ಕೆ ಓಣಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಅವರನ್ನೇ ಕೇಳಿದರೆ, "ಹೊತ್ತ ಸಿಗಲಿಲ್ಲವ್ವಾ, ಬಾಟಲಿ ತೊಳಿಯೂದ್ರಾಗ ದಿನಾ ಹೋದ್ವು" ಎಂದು ನಗುತ್ತಿದ್ದರು.

ಸಂಜೆ ಕಾಲೇಜಿನಿಂದ ಬಂದವರು ಕೋಣೆಯ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ನಮ್ಮ ಅತ್ತೆಯ ಪಕ್ಕ ಕುಳಿತುಬಿಡುತ್ತಿದ್ದರು. ಅತ್ತೆ ಅವರಿಗಾಗಿಯೇ ಎರಡು ರೊಟ್ಟಿ ಎತ್ತಿ ಇಟ್ಟಿರುತ್ತಿದ್ದರು. ಪುಂಡಿಪಲ್ಯ ಇದ್ದ ದಿನ ಮೂರು. ಅಕ್ಕೋರು ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆ ಹಾಕಿಕೊಂಡು, ಚೂರು ಬೀಳದಂತೆ ಸುತ್ತಿ ತಿನ್ನುತ್ತಿದ್ದ ರೀತಿ ಈಗಲೂ ಕಣ್ಣ ಮುಂದಿದೆ. ತಿಂದಾದ ಮೇಲೆ ಅತ್ತೆಯ ಮಾತು ಶುರು. ಓದು ಬರಹ ಬಾರದ ಅತ್ತೆಗೆ ಅಕ್ಕೋರ ಓದಿನ ಬಗ್ಗೆ ಬಹಳ ಕುತೂಹಲ.

"ಧಾರವಾಡದಾಗ ಅಷ್ಟ ವರ್ಷ ಏನ ಕಲತ್ರಿ ಅಕ್ಕೋರ?"

"ಫ್ಲೋರಿನ್ ಅಂತ ಒಂದ ಐತ್ರಿ ಅವ್ವಾರ. ಭಾಳ ಹಟಮಾರಿ. ಒಮ್ಮಿ ಹಿಡೀತಂದ್ರ ಹಿಡದದ್ದ ಬಿಡಂಗಿಲ್ಲ."

"ನಮ್ಮ ಕಿತ್ತೂರ ನಾದಿನಿ ಹಂಗ ಅನ್ರಿ."

ಅಕ್ಕೋರು ಬಾಯಲ್ಲಿದ್ದ ನೀರು ಚೆಲ್ಲುವಷ್ಟು ನಕ್ಕಿದ್ದರು. ಆಮೇಲೆ ಕೋಣೆಗೆ ಹೋಗಿ ಒಂದು ಬಿಳಿಯ ಬಟ್ಟೆಯ ಪಟ್ಟಿ ತಂದರು. ನೋಡಲು ಸಾದಾ ಹತ್ತಿ ಬಟ್ಟೆ, ನಮ್ಮ ಕಡೆ ಬೆಳೆಯುವ ಹತ್ತಿಯದೇ. ಅದರ ಮೇಲೆ ತಂಬಿಗೆಯಿಂದ ನಾಲ್ಕು ಹನಿ ನೀರು ಬಿಟ್ಟರು. ನೀರು ಹೀರಲಿಲ್ಲ. ಕೆಸುವಿನೆಲೆಯ ಮೇಲಿನ ಹಾಗೆ ದುಂಡಗೆ ನಿಂತು, ಪಟ್ಟಿ ಓರೆ ಮಾಡಿದ ಕೂಡಲೇ ಜಾರಿ ಕಟ್ಟೆಗೆ ಬಿತ್ತು. ಅವರು ಧಾರವಾಡದಲ್ಲಿ ಮಾಡಿದ್ದು ಇದೇ ಕೆಲಸವಂತೆ. ಗಾಜಿನ ನಳಿಗೆಯೊಳಗಿನ ಗಾಳಿಯನ್ನೆಲ್ಲ ತೆಗೆದು, ಬಾಯಿ ಮುಚ್ಚಿ, ಹದವಾಗಿ ಬಿಸಿ ಮಾಡಿ, ಹತ್ತಿಯ ಎಳೆಯ ಮೇಲೆ ಫ್ಲೋರಿನ್ ಇರುವ ಸಣ್ಣ ಸಣ್ಣ ತುಣುಕುಗಳು ಒಂದಕ್ಕೊಂದು ಜೋಡಿಸಿಕೊಂಡು ಸರಪಳಿಯಾಗಿ ಬೆಳೆಯುವ ಹಾಗೆ ಮಾಡುವುದು. ಅತ್ತೆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು:

"ನೀರ ಹಿಡೀಲಿಲ್ಲಂದ್ರ ಇದನ್ನ ಒಗಿಯೂದ ಹೆಂಗ್ರಿ?"

"ಇದ ಪ್ರಶ್ನೆ ನಮ್ಮ ಸರೂ ಕೇಳಿದ್ರು ಅವ್ವಾರ. ಉತ್ತರಾ ಹುಡುಕೂದ್ರಾಗ ಔಷಧದ ಬಾಟಲಿ ತೀರಿತು."

ಔಷಧವೆಂದರೆ ಆ ಫ್ಲೋರಿನ್ ತುಣುಕುಗಳ ರಾಸಾಯನಿಕ, ಅದು ಪರದೇಶದಿಂದ ಬರಬೇಕಿತ್ತು. ಬರುವುದು ನಿಂತಿತು, ಕಲಿಸುವ ಸರ್ ನಿವೃತ್ತರಾದರು, ಇವರು ಕೆಲಸ ಹಿಡಿದು ಬೈಲಹೊಂಗಲಕ್ಕೆ ಬಂದರು. ಅರ್ಧಕ್ಕೆ ಬಿಟ್ಟ ಆ ಓದಿನ ಬಗ್ಗೆ ಅವರು ಮರುಗಿದ್ದನ್ನು ನಾನು ಕಂಡಿಲ್ಲ. ಆದರೆ ಬಾಯಿ ಮುಚ್ಚಿದ ಒಂದು ಗಾಜಿನ ನಳಿಗೆ, ಒಳಗೆ ಚೂರು ಬಿಳಿಯ ಪುಡಿ, ಅವರ ಕೋಣೆಯ ಗೂಡಿನಲ್ಲಿ ವಿಭೂತಿಯ ಪಕ್ಕದಲ್ಲೇ ಇರುತ್ತಿತ್ತು.

ಕಾಲೇಜಿನ ಹುಡುಗ ಹುಡುಗಿಯರು ಅವರ ಹತ್ತಿರ ಸಂಶಯ ಕೇಳಲು ಬರುತ್ತಿದ್ದರು. ಯಾರಾದರೂ ಪ್ರಯೋಗದ ಲೆಕ್ಕವನ್ನು ಪುಸ್ತಕದಲ್ಲಿರುವ ಉತ್ತರಕ್ಕೆ ಹೊಂದಿಸಿ ಬರೆದಿದ್ದರೆ ಅಕ್ಕೋರಿಗೆ ತಕ್ಷಣ ಗೊತ್ತಾಗುತ್ತಿತ್ತು. ಎಂದೂ ದನಿ ಎತ್ತದವರು ಆವಾಗ ಮಾತ್ರ ಎತ್ತುತ್ತಿದ್ದರು. "ಕಂಡದ್ದ ಬರಿ. ಪುಸ್ತಕದಾಗ ಇದ್ದದ್ದಲ್ಲ, ನನಗ ಸೇರೂದಲ್ಲ, ನಿನ್ನ ಕಣ್ಣಿಗೆ ಕಂಡದ್ದು." ಒಳಗೆ ರೊಟ್ಟಿ ಬಡಿಯುತ್ತ ಇದನ್ನು ಕೇಳಿಸಿಕೊಳ್ಳುತ್ತಿದ್ದ ನನಗೆ, ಹತ್ತನೆಯ ತನಕ ಓದಿದವಳಿಗೆ, ಇಂಥವರು ನನಗೂ ಕಲಿಸಿದ್ದರೆ ಅನ್ನಿಸುತ್ತಿತ್ತು.

ನಾನು ಬಂದ ವರ್ಷವೇ ಮಾವ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಬೆಳಗಾವಿಗೆ ದವಾಖಾನೆಗೆ ಹೋದವರು, ಬರುವಾಗ ಒಂದು ಪಂಜರದಲ್ಲಿ ಎರಡು ಲವ್ ಬರ್ಡ್ಸ್ ತಂದಿದ್ದರು. ಒಂದು ಹಸಿರು, ಒಂದು ಹಳದಿ. ಗುಳಿಗೆ ತರಲು ಹೋಗಿ ಹಕ್ಕಿ ತಂದರು ಎಂದು ಅತ್ತೆ ಅವತ್ತು ಬೈದಿದ್ದರು. ಮಾವ ಹೋದ ಮೇಲೆ ಆ ಹಕ್ಕಿಗಳನ್ನು ಬಿಟ್ಟರೆ ಅತ್ತೆಗೆ ಬೇರೆ ಮಾತೇ ಇರಲಿಲ್ಲ. ಅಂಗಳದಲ್ಲಿ ಬೆಕ್ಕಿನ ಕಾಟವೆಂದು ಪಂಜರವನ್ನು ಅಡಿಗೆಮನೆಯಲ್ಲಿ, ಒಲೆಯಿಂದ ಆಚೆ ಗೋಡೆಗೆ ತೂಗು ಹಾಕಿದ್ದರು. ಬೆಳಿಗ್ಗೆ ಎದ್ದು ಮೊದಲ ಮಾತು ಅವುಗಳ ಜೊತೆಗೇ. "ಏನ್ರಿ, ಎದ್ರೇನು? ಚಹಾ ಆಗೇತಿ" ಎನ್ನುತ್ತಿದ್ದರು, ಮಾವನಿಗೆ ಹೇಳುತ್ತಿದ್ದ ಹಾಗೆಯೇ.

ಅದರ ಮರು ಯುಗಾದಿಗೆ ನನ್ನ ಅಣ್ಣ ಬಂದ. ಹುಬ್ಬಳ್ಳಿಗೆ ಶೇಂಗಾ ಲೋಡಿನ ಜೊತೆ ಹೋದವನು ಅಲ್ಲಿಂದ ನನಗೊಂದು ನಾನ್‌ಸ್ಟಿಕ್ ತವಾ ತಂದಿದ್ದ. ಅವನಿಗೆ ಅದೊಂದು ದೊಡ್ಡ ಸಾಮಾನು. ಅತ್ತೆ ಡಬ್ಬಿ ಬಿಚ್ಚಿ ನೋಡಿ, "ರೊಟ್ಟಿ ಬಡಿಯೋ ಮನ್ಯಾಗ ಇದನ್ನೇನ ದೇವರ ಮುಂದ ಇಡೂದೇನೋ ತಮ್ಮಾ?" ಎಂದರು. ತಮಾಷೆಗೇ ಅಂದದ್ದು. ಆದರೂ ಅಣ್ಣನ ಮುಖ ಸಣ್ಣದಾದದ್ದು ನೋಡಿ ನನಗೆ ಬಹಳ ಕಸಿವಿಸಿಯಾಯಿತು. ತವಾವನ್ನು ಡಬ್ಬಿಸಮೇತ ನನ್ನ ಟ್ರಂಕಿನ ತಳದಲ್ಲಿಟ್ಟೆ. ಯಾರಿಗೂ ತೋರಿಸುವ ಮನಸ್ಸಾಗಲಿಲ್ಲ.

ಶ್ರಾವಣ ಬಂತು. ಬಿಡದೆ ಜಿಟಿಜಿಟಿ ಮಳೆ, ಕಿಟಕಿ ಬಾಗಿಲೆಲ್ಲ ಮುಚ್ಚಿದ್ದವು. ಆ ವಾರ ರೊಟ್ಟಿಯ ಕಬ್ಬಿಣದ ಹಂಚು ನಡುವೆ ಸೀಳು ಬಿಟ್ಟಿತ್ತು. ಸಂತೆಯ ದಿನ ಹೊಸದು ತರಬೇಕು. "ನಿಮ್ಮಣ್ಣ ತಂದದ್ದ ತಗಿ, ಇವತ್ತೊಂದಿನ ಅದರ ಮ್ಯಾಲ ಆಗಲಿ" ಎಂದರು ಅತ್ತೆ. ತೆಗೆದುಕೊಟ್ಟೆ. ಹಿತ್ತಲ ತಗಡಿನ ಕೆಳಗೆ ಬಟ್ಟೆ ಒಗೆಯಲು ಹೋದೆ.

ಜೋಳದ ರೊಟ್ಟಿಗೆ ಹಂಚು ಎಷ್ಟು ಕಾಯಬೇಕೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಂಚನ್ನು ಮೊದಲು ಒಲೆಗೇರಿಸಿ, ಉರಿ ಪೂರಾ ಬಿಟ್ಟು, ಆಮೇಲೆ ಹಿಟ್ಟಿಗೆ ಕೈ ಹಚ್ಚುವುದು. ನೀರು ಚಿಮುಕಿಸಿದರೆ ಹನಿ ಸಿಡಿದು ಹಾರಬೇಕು. ಅರೆಗಾದ ಹಂಚಿನ ಮೇಲೆ ರೊಟ್ಟಿ ಹಾಕಿದವಳನ್ನು ಓಣಿಯಲ್ಲಿ ಹೆಣ್ಣೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅತ್ತೆ ತಮ್ಮ ಅವ್ವ ಕಲಿಸಿದಂತೆ ಆ ಕರಿ ತವಾವನ್ನು ಪೂರಾ ಉರಿಯ ಮೇಲಿಟ್ಟರು. ಅಷ್ಟರಲ್ಲಿ ಬಾಗಿಲಿಗೆ ಆಟೊ ಬಂದು ನಿಂತಿತು. ಕಿತ್ತೂರಿನಿಂದ ಮಾವನ ತಂಗಿ ಬಂದಿದ್ದರು. ಪಡಸಾಲೆಯಲ್ಲಿ ತೀರಿಹೋದ ತಮ್ಮ ಅಣ್ಣನ ಫೋಟೊ ನೋಡಿ ಅವರು ಅಳತೊಡಗಿದರು. ಅತ್ತೆಯೂ ಪಕ್ಕದಲ್ಲಿ ಕುಳಿತು ಅತ್ತರು. ಒಲೆಯ ನೆನಪು ಯಾರಿಗಿದ್ದೀತು?

ಬಟ್ಟೆ ಹಿಂಡಿ ನಾನು ಒಳಗೆ ಬಂದಾಗ ಅಡಿಗೆಮನೆಯಲ್ಲಿ ತೆಳ್ಳಗೆ ಹೊಗೆ, ಆ ವಾಸನೆ. ಕೆಮ್ಮುತ್ತ ಗ್ಯಾಸ್ ಆರಿಸಿ ಕಿಟಕಿ ತೆರೆದೆ. ಪಂಜರದಲ್ಲಿ ಸದ್ದಿರಲಿಲ್ಲ. ಎರಡೂ ತಳದಲ್ಲಿ ಬಿದ್ದಿದ್ದವು. ಹಳದಿಯದು ಇನ್ನೂ ಒಮ್ಮೆ ಕೊಕ್ಕು ತೆರೆಯಿತು. ನಾನು ಪಂಜರ ಇಳಿಸಿ ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ಅತ್ತೆ ಬಂದರು.

"ಏನ ಮಾಡಿದಿ?" ಎಂದರು. ಅಷ್ಟೇ ಅಂದದ್ದು.

ಹಿಂದೆ ನಿಂತಿದ್ದ ಕಿತ್ತೂರಿನವರು ಕೇಳಿದರು: "ಮುಂಜಾನೆ ಕಾಳ ಯಾರ ಹಾಕಿದ್ದು ವೈನಿ?"

"ಇಕೀನ."

"ಎಲ್ಲೀ ಕಾಳ?"

"ಇಕಿ ತವರಮನಿಯಿಂದ ಬಂದದ್ದು. ನವಣಿ."

"ಬಿತ್ತೂ ನವಣಿ ಇರಬೇಕು ತಗೀ. ಎಣ್ಣಿ ಹಚ್ಚಿದ್ದ ಕಳಿಸ್ಯಾರ." ಹೊಲದ ಹುಳದ ಔಷಧಿಗೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ.

ಅಲ್ಲ ಎಂದೆ. ನಮ್ಮವ್ವ ಉಣ್ಣುವ ನವಣೆಯಲ್ಲೇ ಕಳಿಸಿದ್ದು ಎಂದೆ. ಆದರೆ ಹಿಂದಿನ ವಾರ ಹಕ್ಕಿಯ ಹಿಕ್ಕೆ ಬಳಿಯುತ್ತ, ಇವು ಇರದಿದ್ದರೆ ಅಡಿಗೆಮನೆ ಎಷ್ಟು ಸ್ವಚ್ಛ ಇರುತ್ತಿತ್ತು ಎಂದು ಗೊಣಗಿದ್ದೆ. ಅತ್ತೆ ಅದನ್ನು ಮರೆತಿರಲಿಲ್ಲ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಪಂಜರವನ್ನು ನನ್ನ ಕೈಯಿಂದ ತೆಗೆದುಕೊಂಡು ಹೇಳಿದರು: "ನಿಮ್ಮಣ್ಣಗ ಹೇಳಿ ಕಳಸು. ಪಂಚಮಿಗೆ ಕರಕೊಂಡ ಹೋಗ್ಲಿ. ನಾ ಕರಿಯೂ ತನಕಾ ಅಲ್ಲೇ ಇರು."

ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯುವುದು ಎಲ್ಲ ಕಡೆ ಇರುವ ಪದ್ಧತಿ. ಆದರೆ ತಿರುಗಿ ಕರೆಯಬೇಕಾದವರು ಗಂಡನ ಮನೆಯವರು. ಸುರೇಬಾನದಲ್ಲಿ ನಮ್ಮ ಓಣಿಯಲ್ಲೇ ಒಬ್ಬಳು ಹಾಗೆ ಪಂಚಮಿಗೆಂದು ಬಂದವಳು, ಜೋಕಾಲಿ ಬಿಚ್ಚಿದರೂ ಕರೆ ಬರದೆ, ಮುಂದಿನ ಪಂಚಮಿಗೂ ಅಲ್ಲೇ ಇದ್ದಳು. ಅವಳು ನೀರಿಗೆ ಬಂದರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಅತ್ತೆಯ ಮಾತಿನ ಅರ್ಥ ನನಗೆ ಪೂರ್ತಿ ತಿಳಿದಿತ್ತು. ಮಧ್ಯಾಹ್ನ ಜಿನ್ನಿಂಗ್ ಫ್ಯಾಕ್ಟರಿಯಿಂದ ಊಟಕ್ಕೆ ಬಂದ ನಮ್ಮ ಮನೆಯವರು ಅವ್ವನ ಮುಖ ನೋಡಿ, ನನ್ನ ಮುಖ ನೋಡಿ, "ಸ್ವಲ್ಪ ದಿನಾ ಹೋಗಿ ಬಾ" ಎಂದು ತಾಟಿನ ಕಡೆ ತಿರುಗಿದರು. ಅಣ್ಣನಿಗೆ ಫೋನು ಹೋಯಿತು. ನಾಡಿದ್ದು ಬರುತ್ತೇನೆಂದ.

ಸಂಜೆ ಅಕ್ಕೋರು ಬರುವ ಹೊತ್ತಿಗೆ ನನಗೆ ಎದೆ ಬಿಗಿದು ಮೈಯೆಲ್ಲ ಚಳಿ. ಹಿತ್ತಲ ಬಾಗಿಲಲ್ಲಿ ಕಂಬಳಿ ಹೊದ್ದು ಕುಳಿತಿದ್ದೆ. "ಹಕ್ಕಿ ಸತ್ರ ಇಕೀಗ್ಯಾಕ ಜ್ವರಾ? ಎಲ್ಲಾ ನಾಟಕ" ಎಂದು ಕಿತ್ತೂರಿನವರು ಒಳಗಿನಿಂದ ಹೇಳುತ್ತಿದ್ದುದು ಅಕ್ಕೋರ ಕಿವಿಗೂ ಬಿತ್ತು. ಅವರು ನನ್ನ ಹಣೆ ಮುಟ್ಟಿದರು. ಮೂಗೆಳೆದು ಗಾಳಿ ನೋಡಿದರು.

"ಇವತ್ತ ಏನ ಸೀದಿತ್ತು?"

"ಏನೂ ಇಲ್ರಿ. ತವಾ ಖಾಲೀನ ಕಾದಿತ್ತು."

ತೊಳೆಯಲು ಇಟ್ಟಿದ್ದ ತವಾವನ್ನು ಅವರೇ ಹೋಗಿ ಎತ್ತಿಕೊಂಡು ಬಂದು ಬೆಳಕಿಗೆ ಹಿಡಿದರು. ನಡುವೆ ಕರಿ ಬಣ್ಣ ಬೂದಿಯಾಗಿ, ಗುಳ್ಳೆ ಎದ್ದಿತ್ತು. "ಇದು ಯಾವಾಗ ಬಂತು? ನನಗ ತೋರಿಸೇ ಇಲ್ಲಲ್ಲ ನೀ," ಎಂದರು. ಯುಗಾದಿಗೆ ಬಂದದ್ದು, ಟ್ರಂಕಿನಲ್ಲಿತ್ತು ಎಂದೆ. "ಹಕ್ಕಿಗೆ ಹಾಕಿ ಉಳದ ನವಣಿ ಏನ ಮಾಡಿದಿ?" ಎಂದು ಕೇಳಿದರು.

"ಮುಂಜಾನೆನ ಹಿತ್ತಲಕ್ಕ ಚೆಲ್ಲಿದ್ದೇರಿ. ಬಾಜೂಮನಿ ಖಾಲಾರ ಕೋಳಿ ಬಂದ ತಿಂದ್ವು."

"ಕೋಳಿ ಹೆಂಗ ಅದಾವು?"

ನಾನು ಗೋಡೆಯಾಚೆ ನೋಡಿದೆ. "ಓಡ್ಯಾಡಾಕ ಹತ್ಯಾವು."

"ಹಂಗಾರ ನವಣಿದ್ದಲ್ಲ." ಅವರ ಮುಖ ಗಂಭೀರವಾಯಿತು. "ತವಾ ಒಲಿ ಮ್ಯಾಲ ಯಾರ ಇಟ್ಟಿದ್ರು?"

"ಅತ್ತಿ."

ಅಕ್ಕೋರು ಮಳೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತರು. ಆಗ ನನಗೆ ಅದೇನೆಂದು ತಿಳಿಯಲಿಲ್ಲ. ಈಗ ಯೋಚಿಸಿದರೆ ಅನ್ನಿಸುತ್ತದೆ: ನಿಜ ಹೇಳಿದರೆ ಎರಡೇ ದಾರಿ ಇದ್ದವು. ಗಂಡ ಕೊನೆಗೆ ತಂದ ಹಕ್ಕಿಗಳನ್ನು ತಾನೇ ಕೊಂದೆ ಎಂದು ಅತ್ತೆ ತಿಳಿಯಬೇಕು. ಇಲ್ಲವೆಂದರೆ, ತವಾ ತಂದವನು ಯಾರು, ತೆಗೆದುಕೊಟ್ಟವಳು ಯಾರು ಎಂದು ಮಾತು ಮತ್ತೆ ನನ್ನ ತವರಿಗೇ ಬರಬೇಕು… "ಯಾರ ಮುಂದೂ ಇದರ ಮಾತ ಎತ್ತಬ್ಯಾಡ. ನಾ ಮಾತಾಡತೇನಿ," ಎಂದು ತವಾವನ್ನು ಪೇಪರಿನಲ್ಲಿ ಸುತ್ತಿ ತಮ್ಮ ಕೋಣೆಗೆ ಒಯ್ದರು.

ಮರುದಿನ ಅವರು ಕಾಲೇಜಿಗೆ ಹೋಗಲಿಲ್ಲ. ಕಿತ್ತೂರಿನವರು ಗುಡಿಗೆ ಹೋದ ಹೊತ್ತು ನೋಡಿ ಅತ್ತೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದೆ. ಅಕ್ಕೋರ ಸಣ್ಣ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಅತ್ತೆ ಜೋರಾಗಿ ಅತ್ತರು. ಆಮೇಲೆ ಏನೂ ಇಲ್ಲ. ಬಾಗಿಲು ತೆರೆದು ಬಂದ ಅಕ್ಕೋರು ನನ್ನನ್ನು ನೋಡದೆ ತಮ್ಮ ಕೋಣೆಗೆ ಹೋದರು. ಅತ್ತೆ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಕಣ್ಣು ಕೆಂಪಾಗಿದ್ದವು.

"ಪಂಚಮಿ ಮುಗಿಸಿ ಬಂದುಬಿಡು," ಎಂದರು. "ಮನ್ಯಾಗ ಕೆಲಸ ಭಾಳ ಐತಿ."

ಗುಡಿಯಿಂದ ಬಂದ ಕಿತ್ತೂರಿನವರು ನವಣೆಯ ಮಾತು ತೆಗೆದರೆ, "ನವಣಿದ್ದಲ್ಲಂತ. ಇನ್ನ ಆ ಮಾತ ಬ್ಯಾಡ" ಎಂದು ಅಲ್ಲಿಗೇ ನಿಲ್ಲಿಸಿದರು. ಮರುದಿನ ಬಂದ ಅಣ್ಣನಿಗೆ ತಾವೇ ನಿಂತು ಬಡಿಸಿದರು. ನನಗೆ ಹೋದ ಜೀವ ಬಂದಂತಾಯಿತು.

ಹೊರಡುವ ಮೊದಲು ಅಕ್ಕೋರ ಕೋಣೆಗೆ ಹೋಗಿ, ಒಳಗೆ ಏನು ಹೇಳಿದಿರಿ ಎಂದು ಕೇಳಿದೆ. "ಹೇಳಬೇಕಾದದ್ದ ಹೇಳಿದೆ," ಎಂದರು. ಹಕ್ಕಿ ಹೇಗೆ ಸತ್ತವು ಎಂದು ಕೇಳಿದಾಗ ಮಾತ್ರ ಮುಖ ಅರಳಿತು. ನನ್ನನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು ಹೇಳಿದರು.

"ಪಂಚಮ್ಯಾಗ ನೀವೆಲ್ಲಾ ಕೈ ಕೈ ಹಿಡಕೊಂಡ ಆಡತೀರಲ್ಲ, ಆ ತವಾದ ಮ್ಯಾಲಿನ ಲೇಪ ಹಂಗ ಒಂದ ಉದ್ದನ ಸಾಲು. ನಡುವ ಕಾರ್ಬನ್ನು ಕೈ ಹಿಡಕೊಂಡ ನಿಂತಾವು, ಸುತ್ತ ಫ್ಲೋರಿನ್ನು ಕಾವಲಿಗೆ. ಅದಕ್ಕ ಅದರ ಮೈಗೆ ಏನೂ ಹತ್ತಂಗಿಲ್ಲ. ದ್ವಾಸಿಗೆ ಕಾಸಿದಷ್ಟಕ್ಕ ಏನೂ ಆಗಂಗಿಲ್ಲ. ರೊಟ್ಟಿ ಹಂಚಿನಂಗ ಖಾಲಿ ಕಾಸಿದ್ರ ಮಾತ್ರ ಎಲ್ಲೋ ಒಂದ ಕಡೆ ಕೈ ಬಿಡತಾವು. ಕೈ ಖಾಲಿ ಆದಾಕಿ ಸುಮ್ಮನ ನಿಲ್ಲಂಗಿಲ್ಲ ನೋಡು. ಇದಕ್ಕ ನಾವು ಫ್ರೀ ರ‍್ಯಾಡಿಕಲ್ ಅಂತೇವಿ. ಒಬ್ಬಾಕಿಯಿಂದ ಸುರು ಆತಂದ್ರ ಇಡೀ ಸಾಲ ತುದಿಯಿಂದ ಬಿಚ್ಚಕೋತ ಹೋಗತದ. ಬಿಚ್ಚಿದ್ದೆಲ್ಲಾ ಹೊಗಿ. ನಿನಗ ಬರೇ ಚಳಿ ಜ್ವರಾ ಬಂತು. ಹಕ್ಕೀದು ಎಷ್ಟರ ಎದಿ, ತಡೀಲಿಲ್ಲ."

"ಹಂಗಾರ ಅದು ನಿಲ್ಲೂದ ಹೆಂಗ್ರಿ?"

"ಖಾಲಿ ಕೈಯವರಿಬ್ಬರ ಎದುರಾದ್ರ ಒಬ್ಬರನ್ನೊಬ್ಬರ ಹಿಡಕೊಂಡ ನಿಂತಬಿಡತಾರ. ಇಲ್ಲಾ, ನಡುವ ಒಬ್ಬಾಕಿ ಬಂದು, ತಾ ಕೈ ಕೊಟ್ಟು, ಮುಂದ ಯಾರಿಗೂ ದಾಟಿಸದಂಗ ಸುಮ್ಮನ ಕುಂದರಬೇಕು. ಅಂಥಾದ್ದೂ ಇರತಾವ. ಬಾಟಲ್ಯಾಗಿನ ಔಷಧ ತಾನ ತಾ ಸುರು ಆಗಬಾರದಂತ ನಾವು ಅದನ್ನ ಒಂದ ಚೂರ ಹಾಕಿ ಇಡತಿದ್ವಿ."

ಪಂಚಮಿ ಮುಗಿಸಿ ಬಂದೆ. ಅತ್ತೆ ನನ್ನ ಜೊತೆ ಮೊದಲಿಗಿಂತ ಮೆತ್ತಗಾಗಿದ್ದರು. ಆದರೆ ಅಕ್ಕೋರ ಜೊತೆ ಮಾತು ಬಿಟ್ಟಿದ್ದರು. ಸಂಜೆ ಅವರಿಗೆಂದು ಎತ್ತಿಡುತ್ತಿದ್ದ ರೊಟ್ಟಿ ನಿಂತಿತು. ಕಾಲೇಜಿನಿಂದ ಬಂದವರು ಕಟ್ಟೆಯ ಮೇಲೆ ಅತ್ತೆ ಕುಳಿತಿದ್ದರೆ, ತಲೆ ತಗ್ಗಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಊಟಕ್ಕೆ ಖಾನಾವಳಿ. ನಿಜ ಹೇಳಿದವರ ಮೇಲೆ ಅತ್ತೆಗೆ ಸಿಟ್ಟು ಎಂದು ನಾನು ತಿಳಿದುಕೊಂಡೆ. "ನನ್ನ ಸಲುವಾಗಿ ನಿಮಗ ಹಿಂಗಾತ್ರಿ" ಎಂದು ಒಮ್ಮೆ ಅವರ ಮುಂದೆ ಕಣ್ಣೀರು ಹಾಕಿದೆ. "ಇರ್ಲಿ ಬಿಡು. ಅವರ ಹಕ್ಕಿ ಹೋಗ್ಯಾವು," ಎಂದರು ಅಕ್ಕೋರು. ಆ ಕಟ್ಟೆಯ ಸಂಜೆಗಳು ಅವರಿಗೆಷ್ಟು ಬೇಕಾಗಿದ್ದವೆಂದು ನನಗೆ ಗೊತ್ತಿತ್ತು. ಬೈಲಹೊಂಗಲದಲ್ಲಿ ಅವರಿಗೆ ಬೇರೆ ಮನೆ ಇರಲಿಲ್ಲ.

ಶ್ರಾವಣ ಹೋಗಿ, ದೀಪಾವಳಿ ಹೋಗಿ, ಚಳಿ ಬಂತು. ಸಂಕ್ರಾಂತಿಯ ಹೊತ್ತಿಗೆ ಅಕ್ಕೋರು ಜ್ವರ ಬಂದು ಮಲಗಿದರು. ನಾನು ಹಣೆಗೆ ತಣ್ಣೀರ ಬಟ್ಟೆ ಹಾಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ, ಕೈಯಲ್ಲಿ ಗಂಜಿಯ ಬಟ್ಟಲು. "ಏಳ್ರಿ, ಕುಡೀರಿ," ಎಂದರು ಬಿಗಿಯಾಗಿ. ಅಕ್ಕೋರು ಏಳಲು ಹೋಗಿ ಆಗದೆ ಅತ್ತುಬಿಟ್ಟರು. "ಸಾಕ ಬಿಡ್ರಿ ಅಕ್ಕೋರ. ಎಷ್ಟ ದಿನಾ ಅಂತ…" ಎಂದು ಅತ್ತೆ ಅವರನ್ನು ಎತ್ತಿ ಕೂರಿಸಿದರು. ಆ ವಾರದಿಂದ ರೊಟ್ಟಿ ಮತ್ತೆ ಶುರುವಾಯಿತು.

ಆಮೇಲಿನ ವರ್ಷಗಳು ಹೇಗೆ ಹೋದವೋ. ನನಗೆ ಇಬ್ಬರು ಮಕ್ಕಳಾದರು. ಮಗಳು ಅಕ್ಕೋರ ಹೊಸ್ತಿಲ ಮೇಲೆಯೇ ಮಗ್ಗಿ ಕಲಿತಳು. ಅತ್ತೆ ಮತ್ತೆ ಹಕ್ಕಿ ಸಾಕಲಿಲ್ಲ. ಅಕ್ಕೋರು ನಿವೃತ್ತರಾಗಿ ಹೂಲಿಗೆ, ತಮ್ಮನ ಮನೆಗೆ ಹೊರಟ ದಿನ ಅತ್ತೆ ಅವರ ಚೀಲದಲ್ಲಿ ಕಟಕ ರೊಟ್ಟಿಯ ಗಂಟು ಇಟ್ಟು, ಬಸ್‌ಸ್ಟ್ಯಾಂಡಿನ ತನಕ ಮೊಣಕಾಲು ನೋವಿನಲ್ಲೂ ನಡೆದರು. ಹೂಲಿಯ ಹಳೆಯ ಗುಡಿಗಳ ಕಲ್ಲಿನ ಮೇಲೆ ಸಂಜೆ ಕುಳಿತು ಗಾಳಿ ತಿನ್ನುತ್ತೇನೆ ಎಂದು ಫೋನಿನಲ್ಲಿ ಹೇಳುತ್ತಿದ್ದರು. "ಕಟ್ಟಿ ಐತ್ರಿ ಅವ್ವಾರ, ನೀವಿಲ್ಲ" ಎನ್ನುತ್ತಿದ್ದರು.

ಅಕ್ಕೋರು ತೀರಿಹೋದ ಸುದ್ದಿ ಬಂದಾಗ ಅತ್ತೆಗೆ ನಡೆಯುವುದೇ ಕಷ್ಟವಾಗಿತ್ತು. ಆದರೂ ಬರುತ್ತೇನೆಂದು ಹಟ ಹಿಡಿದರು. ಮಣ್ಣು ಮುಗಿಸಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ, ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಬರುತ್ತಿದ್ದೆವು. ಕಿಟಕಿಯಾಚೆ ಕೊಯ್ದ ಜೋಳದ ಹೊಲಗಳು. ಅವುಗಳನ್ನು ನೋಡುತ್ತಲೇ ಅತ್ತೆ ಹೇಳಿದರು:

"ನಾ ಅಕ್ಕೋರನ್ನ ಯಾವಾಗೋ ಮಾಫ ಮಾಡೀನಿ. ಮನಸಿನ್ಯಾಗ ಏನೂ ಇಟಗೊಂಡಿಲ್ಲ."

"ಏನ ಮಾಫ್ರಿ ಅತ್ತಿ?"

"ಹಕ್ಕೀದು. ಯಾರ ಮುಂದೂ ಹೇಳಬ್ಯಾಡ್ರಿ, ನನಗ ನಾಚಿಕಿ ಆಗತದ ಅಂದಿದ್ರು. ಅದಕ್ಕ ನಿನಗೂ ಹೇಳಿರಲಿಲ್ಲ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ನಿಮ್ಮಣ್ಣ ತವಾ ತಂದಾಗನ ನೀ ಅವರಿಗೆ ತೋರಿಸಿದ್ದೆಂತ. ಇದನ್ನ ಖಾಲಿ ಕಾಸಬಾರದು, ಮನ್ಯಾಗ ಹಕ್ಕಿ ಅದಾವು ಅಂತ ಹೇಳಬೇಕಂದಾಕಿ ಮರತೆ ಅಂದ್ರು. 'ನಿಮಗ ಹೆಂಗ ಗೊತ್ತಾಗಬೇಕ್ರಿ ಅವ್ವಾರ, ಆ ಹುಡಿಗೀಗೆ ಹೆಂಗ ಗೊತ್ತಾಗಬೇಕು? ವರ್ಷಗಟ್ಟಲೆ ಇದನ್ನ ಓದಿದಾಕಿ ನಾ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಿಮ್ಮ ಹಕ್ಕಿ ಹೋದದ್ದ ನನ್ನಿಂದ' ಅಂತ ನನ್ನ ಕಾಲ ಹಿಡದ್ರು. ಆವಾಗ ಅವರ ಮಾರಿ ನೋಡಬಾರದು ಅನ್ನಸಿತ್ತು ನನಗ. ಎಷ್ಟಾದ್ರೂ ಮನಶ್ಯಾರು. ಮರೀತಾರ."

ಬಸ್ಸು ಹೊಂಡಕ್ಕೆ ಇಳಿದು ಎದ್ದಿತು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಒಬ್ಬ ಹುಡುಗನಿಗೂ ಒಂದು ಸುಳ್ಳು ಲೆಕ್ಕ ಬರೆಯಗೊಡದವರು. ಅವರು ಆ ತವಾವನ್ನು ಮೊದಲ ಸಲ ನೋಡಿದ್ದು ಹಕ್ಕಿ ಸತ್ತ ದಿನ ಸಂಜೆ, ನನ್ನ ಎದುರಿಗೆ. ಯಾವಾಗ ಬಂತು ಎಂದು ನನ್ನನ್ನೇ ಕೇಳಿದ್ದರು. ಅದನ್ನು ಹೇಳಲು ಬಾಯಿ ತೆರೆದೆ.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ಖರೇ ಹೇಳು," ಎಂದರು ಮೆಲ್ಲಗೆ. "ನೀ ತೋರಿಸಿದ್ದೇನ ಅವರಿಗೆ?"

ಇಷ್ಟು ವರ್ಷ ಅವರು ಯಾಕೆ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ ಎಂದು ಅವರ ಕಣ್ಣು ನೋಡಿದ ಕೂಡಲೇ ತಿಳಿಯಿತು. ತವಾ ಒಲೆಗಿಟ್ಟ ಕೈ ಯಾರದೆಂಬುದನ್ನು ಅವರು ಒಂದು ದಿನವೂ ಮರೆತಿರಲಿಲ್ಲ.

"ಹೌದ್ರಿ ಅತ್ತಿ," ಎಂದೆ. "ತೋರಿಸಿದ್ದೆ. ಅವರು ಹೇಳಬೇಕಿತ್ತು. ಅವರದ ತಪ್ಪು."

"ಹೋಗ್ಲಿ ಬಿಡು," ಎಂದು ಅತ್ತೆಯೇ ನನ್ನನ್ನು ಸಮಾಧಾನ ಮಾಡಿದರು. "ಹೋದವರ ಮ್ಯಾಲ ಸಿಟ್ಟ ಮಾಡಬಾರದು." ಸ್ವಲ್ಪ ಹೊತ್ತಿಗೆ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ಬೈಲಹೊಂಗಲ ಬರುವ ತನಕ ನಾನು ಅಲುಗಾಡಲಿಲ್ಲ.

ಈ ವರ್ಷ ಅತ್ತೆಯೂ ಹೋದರು. ಅದಕ್ಕೇ ಇದನ್ನು ಬರೆಯಲು ಸಾಧ್ಯವಾಯಿತು. ಈಗ ನಿಜ ಕೇಳಿ ನೊಂದುಕೊಳ್ಳುವವರು ಯಾರೂ ಇಲ್ಲ. ಅಕ್ಕೋರ ಕೋಣೆಯಲ್ಲಿ ಬ್ಯಾಂಕಿನ ಹುಡುಗರಿಬ್ಬರು ಬಾಡಿಗೆಗಿದ್ದಾರೆ. ಒಳ್ಳೆಯವರು, ಸಂಜೆ ಬಂದವರು ನೇರ ಒಳಗೆ ಹೋಗುತ್ತಾರೆ. ನನ್ನ ಸಂಸಾರ, ಮಕ್ಕಳು, ಈ ಮನೆಯಲ್ಲಿ ನನಗಿರುವ ಜಾಗ, ಎಲ್ಲವೂ ಆ ಶ್ರಾವಣದ ಒಂದು ಬೆಳಿಗ್ಗೆ ಅವರು ಬಾಗಿಲು ಹಾಕಿಕೊಂಡು ಆಡಿದ ಮಾತಿನ ಮೇಲೆ ನಿಂತದ್ದು ಎಂದು ಯೋಚಿಸಿದರೆ ಕೈಯ ಕೆಲಸ ನಿಲ್ಲುತ್ತದೆ. ಅವರಿಗೆ ರೊಟ್ಟಿ ಕೊಟ್ಟಿದ್ದೇನೆ, ಚಹಾ ಕೊಟ್ಟಿದ್ದೇನೆ, ಜ್ವರದಲ್ಲಿ ಪಕ್ಕಕ್ಕೆ ಕುಳಿತಿದ್ದೇನೆ. ಉಪಕಾರವಾಯಿತು ಎಂದು ಮಾತ್ರ ಎಂದೂ ಹೇಳಲಿಲ್ಲ. ಹೇಳಬೇಕಾದದ್ದೊಂದು ಇದೆ ಎಂದೇ ಅವರು ನನಗೆ ಗೊತ್ತಾಗಗೊಡಲಿಲ್ಲ.